ರಿಪೇರಿಯಾಗಿ ಕೆಟ್ಟ ಡ್ರೈವ್

ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ನನ್ನ ತಮ್ಮ ದಾರಿಯೋ ಎರಡು ರಟ್ಟಿನ ಪೆಟ್ಟಿಗೆ ಹೊತ್ತು ನಿಂತಿದ್ದ. ವರ್ಷಗಟ್ಟಲೆ ನನ್ನ ಹೊಸ್ತಿಲು ತುಳಿಯದವನು. ಮುಖದಲ್ಲಿ ಅದೇ ಹಳೇ ನಗು. ಚಿಕ್ಕಂದಿನಲ್ಲಿ ಏನನ್ನಾದರೂ ಒಡೆದು, ಅಂಟಿಸಿ, ಏನೂ ಆಗಿಲ್ಲ ಎಂಬಂತೆ ಎದುರಿಗೆ ತಂದು ಹಿಡಿಯುತ್ತಿದ್ದನಲ್ಲ, ಆಗಿನ ನಗು.

"ಸಿಲ್ವೀ, ಸರಿ ಮಾಡ್ಬಿಟ್ಟೆ ಕಣೇ," ಅಂದ. "ನಮ್ಮನೆ ಹಳೇ ಕಂಪ್ಯೂಟರು. ಡಿಸ್ಕ್ ಡ್ರೈವ್ ಸಮೇತ. ಈಗ ತಾನೇ ಫ್ಯಾಕ್ಟರಿಯಿಂದ ಬಂದ ಹಾಗಿದೆ, ನೋಡ್ತಿರು."

"ಕಾಲೊರೆಸ್ಕೊಂಡು ಬಾ," ಅಂದೆ.

ಅವನು ಬಂದದ್ದು ನನ್ನ ಮುಖ ನೋಡಲಿಕ್ಕಲ್ಲ, ನನ್ನ ಬೀರುವಿನಲ್ಲಿದ್ದ ಬಿಸ್ಕತ್ತಿನ ಡಬ್ಬಿಗಾಗಿ ಅಂತ ನನಗೆ ಗೊತ್ತಿತ್ತು. ನಮ್ಮ ಹಳೇ ಫ್ಲಾಪಿಗಳೆಲ್ಲ ಅದರಲ್ಲಿವೆ. ಅವುಗಳಲ್ಲೊಂದರಲ್ಲಿ ಅಮ್ಮ ಇದ್ದಾಳೆ.

ಅಮ್ಮ ತೀರಿಕೊಂಡಾಗ ನನಗೆ ಹದಿನೇಳು, ಅವನಿಗೆ ಹದಿನಾಲ್ಕು. ಫೋಟೋಗಳು ಬೇಕಾದಷ್ಟಿವೆ. ಫೋಟೋ ಮಾತಾಡುವುದಿಲ್ಲ. ದನಿ ಅಂತ ಇದ್ದದ್ದು ಒಂದು ಕ್ಯಾಸೆಟ್ಟಿನಲ್ಲಿ. ಸ್ಪೇನಿನಲ್ಲಿದ್ದ ದೊಡ್ಡಮ್ಮನಿಗೆ ಕಳಿಸಬೇಕೆಂದು ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು ಅಮ್ಮ ಮಾತಾಡಿ, ನಕ್ಕು, ಒಂದಿಷ್ಟು ಹಾಡಿ ಅದನ್ನು ತುಂಬಿಸಿದ್ದಳು. ಅಂಚೆಗೆ ಹಾಕುವಷ್ಟರಲ್ಲಿ ಹಾಸಿಗೆ ಹಿಡಿದಳು. ಅವಳು ಹೋದ ತಿಂಗಳಲ್ಲೇ ದಾರಿಯೋ ಅದರ ಮೇಲೆ ಕಾರ್ ಓಟದ ಆಟ ತುಂಬಿಕೊಂಡ. ಆಗ ಕಂಪ್ಯೂಟರಿನ ಆಟಗಳನ್ನು ಹಾಡಿನ ಕ್ಯಾಸೆಟ್ಟಿಗೂ ತುಂಬಬಹುದಿತ್ತು. ಮನೆಗೆ ಫ್ಲಾಪಿ ಡ್ರೈವ್ ಬಂದಿದ್ದರೂ ಶಾಲೆಯಲ್ಲಿ ಹುಡುಗರ ಅದಲುಬದಲೆಲ್ಲ ಕ್ಯಾಸೆಟ್ಟಿನಲ್ಲೇ. ಖಾಲಿ ಕ್ಯಾಸೆಟ್ ತುಟ್ಟಿ. ಟ್ಯಾಂಗೋ ಹಾಡೋ, ಪಾದ್ರಿಯ ಪ್ರವಚನವೋ, ಮನೆಯಲ್ಲಿ ಸಿಕ್ಕಿದ್ದರ ಮೇಲೆ ಆಟ. ಪಕ್ಕದ ಮನೆಯ ಫಾಬಿಯಾನ್ ತನ್ನಕ್ಕನ ಮದುವೆಯನ್ನೇ ಅಳಿಸಿಹಾಕಿದ್ದ.

ಹುಡುಗ ಬೇಕೆಂದು ಮಾಡಲಿಲ್ಲ ಅಂತ ಅಪ್ಪ ಹೇಳಿದರು. ಬೇಕೆಂದು ಮಾಡಿದ್ದರೆ ಕ್ಷಮಿಸುತ್ತಿದ್ದೆನೋ ಏನೋ. ಲಕ್ಷ್ಯವೇ ಇಲ್ಲದೆ ಮಾಡಿದ್ದನ್ನು ಹೇಗೆ ಕ್ಷಮಿಸಲಿ?

ಇನ್ನು ಉಳಿದದ್ದು ಆ ಫ್ಲಾಪಿ. ಫಾಬಿಯಾನ್ ಒಮ್ಮೆ ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಮೈಕು ತಂದಿದ್ದ. ಮೂರು ನಾಲ್ಕು ಸೆಕೆಂಡು ಮಾತು ಹಿಡಿಯುತ್ತಿತ್ತು, ಅಷ್ಟೇ. ನಾವು ಆಡಿಸುತ್ತಿರುವಾಗ ಅಮ್ಮ ಬಾಗಿಲಲ್ಲಿ ನಿಂತು ಬೈದಳು. ಬೈಗುಳ ಸಿಕ್ಕಿಬಿತ್ತು. ನಕ್ಕೂ ನಕ್ಕೂ ಅದನ್ನು ಫ್ಲಾಪಿಗೆ ಹಾಕಿಟ್ಟೆವು. ಅವಳು ಬೈದದ್ದು ಇವನಿಗೇ. ಆ ಯಂತ್ರದ ಮುಂದಿನಿಂದ ಏಳದೆ ನನಗೆ ಮುಟ್ಟಲೂ ಬಿಡದವನು ಇವನಲ್ಲದೆ ಇನ್ಯಾರು? "ದಾರಿಯೋ, ಸಾಕು ಮಾಡು, ಏಳು." ಮಾತು ನನಗೆ ಬಾಯಿಪಾಠ. ದನಿಯೇ ಸವೆದುಹೋಗಿದೆ. ಈಗ ನನ್ನ ತಲೆಯೊಳಗೆ ಅಮ್ಮ ನನ್ನ ದನಿಯಲ್ಲೇ ಮಾತಾಡುತ್ತಾಳೆ.

ಹಿಂದೆ ಎರಡು ಕಡೆ ಕೊಟ್ಟು ಓದಿಸಲು ನೋಡಿದ್ದೆ. ಫ್ಲಾಪಿ ಸತ್ತಿದೆ ಅಂದಿದ್ದರು.

ದಾರಿಯೋ ಊಟದ ಮೇಜಿನ ಮೇಲೆ ಎಲ್ಲ ಜೋಡಿಸಿದ. ಕಂದು ಬಣ್ಣದ ಕೀಲಿಮಣೆ, ಹಳೇ ಟೀವಿ, ಷೂ ಡಬ್ಬದಷ್ಟು ದೊಡ್ಡ ಡ್ರೈವ್. ನಾನು ನಮ್ಮ ಕಡೆಯ ಎಲೆ ಚಹಾ ಮಾಟೆಗೆ ನೀರು ಕಾಯಿಸಿ, ಸೋರೆ ಬುರುಡೆಗೆ ಅದರ ಒಣಸೊಪ್ಪು ತುಂಬಿ, ಹೊಯ್ದು ಕುಡಿದೆ. ಮತ್ತೆ ಹೊಯ್ದೆ. ಮತ್ತೆ ನಾನೇ ಕುಡಿದೆ. ನಮ್ಮಲ್ಲಿ ಮಾಟೆಯ ಬುರುಡೆ ಕೈಯಿಂದ ಕೈಗೆ ಸರದಿಯಲ್ಲಿ ಹೋಗಬೇಕು. ಎದುರಿಗೆ ಕೂತವನನ್ನು ಬಿಟ್ಟು ಕುಡಿದರೆ ಕಪಾಳಕ್ಕೆ ಬಿಗಿದ ಹಾಗೆ. ಬಿಗಿಯಬೇಕೆಂದೇ ಕುಡಿದೆ. ಅವನು ಒಣ ತುಟಿ ಸವರಿಕೊಂಡು ವೈರು ಸಿಕ್ಕಿಸಿದ.

"ಅಮ್ಮನ ಫ್ಲಾಪಿ ಕೊಡು," ಅಂದ.

"ನಿನ್ನ ಕೈಗೆ? ಸತ್ತರೂ ಇಲ್ಲ. ಮೊದ್ಲು ಬೇರೆ ಹಾಕಿ ತೋರ್ಸು. ಬೂಷ್ಟು ಹಿಡಿದಿದ್ರೆ ಓದೋ ಹೆಡ್ಡು ಫ್ಲಾಪಿನೇ ಕೆರೆದು ಹಾಕುತ್ತೆ."

ಅವನನ್ನು ಸರಿಸಿ ಕುರ್ಚಿಯಲ್ಲಿ ನಾನೇ ಕೂತೆ. ಫಾಬಿಯಾನ್ ಕೊಟ್ಟಿದ್ದ ಆಟದ ಫ್ಲಾಪಿ ಹಾಕಿದೆ. ಡ್ರೈವ್ ಗುರುಗುಟ್ಟಿತು, ಪರದೆಯ ಮೇಲೆ ಆಟ ಎದ್ದು ನಿಂತಿತು. ಅಂಗಡಿಯಿಂದ ತಂದದ್ದೊಂದು ಹಾಕಿದೆ. ಅದೂ ಓದಿತು. ದಾರಿಯೋ ಎದೆಯುಬ್ಬಿಸಿದ. ಆಮೇಲೆ ನನ್ನ ಶಾಲೆಯ ಲೆಕ್ಕದ ಫ್ಲಾಪಿ ಹಾಕಿದೆ. ಟಕಟಕಟಕ ಅಂತ ತಲೆ ಚಚ್ಚಿಕೊಂಡು ಕೆಂಪು ದೀಪ ಮಿಟುಕಿಸಿತು. ಇನ್ನೊಂದು ಹಾಕಿದೆ. ಮತ್ತೆ ಕೆಂಪು.

ದಾರಿಯೋ ಡ್ರೈವಿನ ಮುಚ್ಚಳ ಬಿಚ್ಚಿ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿದ. ಕೆಂಪು. ವೈರು ಬದಲಾಯಿಸಿದ. ಕೆಂಪು. ಫ್ಲಾಪಿ ತಿರುಗಿಸುವ ಮೋಟಾರಿನ ವೇಗ ನೋಡಿದ, ಸರಿಯಿತ್ತು.

"ಡ್ರೈವಿಗೇನೂ ಆಗಿಲ್ಲ," ಅಂದ. "ನಿನ್ನ ಫ್ಲಾಪಿಗಳೇ ಸತ್ತಿವೆ. ಆ ಬೀರುವಿನ ತೇವಕ್ಕೆ."

"ಕುಣಿಯೋಕ್ ಬಾರದೋಳು ನೆಲ ಡೊಂಕು ಅಂದ್ಲಂತೆ. ಎಲ್ಲಾ ಒಂದೇ ಡಬ್ಬಿಲಿದ್ದದ್ದು ಕಣೋ. ಫಾಬಿಯಾನಂದು ಬದುಕಿದೆ, ಅಂಗಡೀದು ಬದುಕಿದೆ, ನಮ್ಮನೇಲಿ ಬರೆದದ್ದು ಮಾತ್ರ ಹುಡುಕಿ ಹುಡುಕಿ ಸಾಯುತ್ತಾ? ತೇವಕ್ಕೆ ನಮ್ಮ ಮೇಲೇ ಹಗೆನಾ?"

ಹೇಳುತ್ತ ಹೇಳುತ್ತ ನನಗೆ ನೆನಪಾಯಿತು. ಫಾಬಿಯಾನ್ ನಮ್ಮ ಬಾಗಿಲಿಗೆ ಬಂದು ಜಗಳ ಕಾಯುತ್ತಿದ್ದ: ನಿಮ್ಮನೆ ಫ್ಲಾಪಿ ನಮ್ಮನೇಲಿ ಓದಲ್ಲ, ನಮ್ಮದು ನಿಮ್ಮಲ್ಲಿ ಓದಲ್ಲ, ಏನ್ ಮಾಡಿಟ್ಟಿದ್ದೀರ ಅದನ್ನ? ಕಳ್ಳ ನಕಲಿನ ಆಟಗಳು ಡ್ರೈವಿಗೆ ಹಾಗೆ ತಲೆ ಚಚ್ಚಿಸುತ್ತಿದ್ದವು, ದಿನವಿಡೀ, ಟಕಟಕಟಕ. ಚಚ್ಚಿಕೊಂಡೂ ಚಚ್ಚಿಕೊಂಡೂ ಹೆಡ್ಡು ತನ್ನ ಜಾಗ ಬಿಟ್ಟು ಒಂದು ಕೂದಲೆಳೆ ಪಕ್ಕಕ್ಕೆ ಸರಿದಿತ್ತು. ಆಮೇಲೆ ಬರೆದದ್ದೆಲ್ಲ ಆ ಸೊಟ್ಟ ಗೆರೆಯಲ್ಲೇ, ಅಮ್ಮನ ದನಿಯೂ. ಆ ಸೊಟ್ಟ ಡ್ರೈವ್ ಬಿಟ್ಟು ಲೋಕದಲ್ಲಿ ಇನ್ಯಾವುದೂ ಅದನ್ನು ಓದದು.

"ದಾರಿಯೋ, ಹೆಡ್ಡಿನ ಜಾಗ ಏನಾದ್ರೂ ಸರಿ ಮಾಡಿದ್ಯಾ?"

"ಮತ್ತೆ? ಪೂರ್ತಿ ಸೊಟ್ಟಗಿತ್ತು. ತಿಂಗಳುಗಟ್ಲೆ ಕೂತು ಕರೆಕ್ಟಾಗಿ..." ಅಲ್ಲಿಗೆ ನಿಂತ. ಅವನಿಗೂ ಹೊಳೆಯಿತು.

"ಬಿಚ್ಚೋ ಮುಂಚೆ ಗುರುತಿಗೆ ಒಂದು ಗೆರೆ ಎಳೆದಿದ್ಯಾ?"

ಅವನು ಸ್ಪಿರಿಟ್ ಬಾಟಲಿಯ ಮುಚ್ಚಳ ಬಿಗಿ ಮಾಡತೊಡಗಿದ.

"ಕೇಳ್ತಿರೋದು ನಿನ್ನನ್ನೇ."

"ಇಲ್ಲ."

ಅಯ್ಯೋ, ನನ್ನ ಹೊಟ್ಟೆಯುರಿ ಏನು ಹೇಳಲಿ! ಒಂದು ಪೆನ್ಸಿಲ್ ಗೆರೆ! ಸೈಕಲ್ ಚಕ್ರ ಬಿಚ್ಚುವ ಹುಡುಗರೂ ಗುರುತು ಮಾಡಿಕೊಳ್ಳುತ್ತಾರೆ. ಹೋದ ಸಲ ಅವಳನ್ನು ಅಳಿಸಿದ್ದು ಲಕ್ಷ್ಯವಿಲ್ಲದೆ. ಈ ಸಲ ಲಕ್ಷ್ಯವಿಟ್ಟು, ಶ್ರದ್ಧೆಯಿಂದ, ಪ್ರೀತಿಯಿಂದ.

"ಎರಡನೇ ಸಲ ಕೊಂದೆ ಅವಳ್ನ," ಅಂದೆ. ಹೇಳಬಾರದ ಮಾತು. ಹೇಳಿದೆ. ಪಕ್ಕದ ಮನೆಗೂ ಕೇಳಿಸಲಿ ಅಂತ ಕೂಗಿಯೇ ಹೇಳಿದೆ.

"ನಾನೇನು ನನಗೋಸ್ಕರ ಮಾಡಿದ್ನಾ?" ಅವನೂ ಕೂಗಿದ. "ನಿನಗೆ ಕೇಳಿಸ್ಬೇಕು ಅಂತ ಮಾಡಿದೆ! ನೀನು ಒಂದ್ಸಲನಾದ್ರೂ ನನ್ನ ಹತ್ರ ನೆಟ್ಟಗೆ ಮಾತಾಡ್ಲಿ ಅಂತ!"

"ಸ್ಕ್ರೂಡ್ರೈವರ್ ಕೊಡು."

"ಬೇಡ ಕಣೇ. ಒಂದು ಸಲ ತಪ್ಪಿದ್ರೆ ಮತ್ತೆ ಈ ಜಾಗಕ್ಕೆ ತರೋಕ್ಕೆ..."

"ಈ ಜಾಗ ಯಾವನಿಗೆ ಬೇಕಾಗಿದೆಯೋ? ಕೊಡು ಇಲ್ಲಿ!"

ಕಸಿದುಕೊಂಡೆ. ಅವನೂ ಸುಮ್ಮನಿರಲಿಲ್ಲ. ಪೆನ್ಸಿಲ್ ಹುಡುಕಿ, ಹೆಡ್ಡನ್ನು ಸರಿಸುವ ಮೋಟಾರಿನ ಮಗ್ಗುಲಲ್ಲಿ ಗೆರೆ ಎಳೆದ. ಈಗ! ಎರಡು ಸ್ಕ್ರೂ ಸಡಿಲಿಸಿ, ಮೋಟಾರನ್ನು ಕಂಡೂ ಕಾಣದಷ್ಟು ತಿರುಗಿಸಿ, ಲೆಕ್ಕದ ಫ್ಲಾಪಿ ಹಾಕಿದೆ. ಕೆಂಪು. ಇನ್ನಷ್ಟು ತಿರುಗಿಸಿದೆ. ಕೆಂಪು. ಎಡಕ್ಕೆ ಸಾಲದೆಂದು ಬಲಕ್ಕೆ. ಕೈ ಬೆವರಿ ಸ್ಕ್ರೂಡ್ರೈವರ್ ಜಾರುತ್ತಿತ್ತು. ದಾರಿಯೋ ಡ್ರೈವನ್ನು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದಿದ್ದ. ಒಮ್ಮೆ ಕೀಲಿ ಒತ್ತಲು ಕೈ ನೀಡಿದ. ಪಟ್ಟನೆ ಹೊಡೆದೆ. ಹಿಂದೆಗೆದುಕೊಂಡ.

ಅಷ್ಟರಲ್ಲಿ ಟಕಟಕ ನಿಂತಿತು. ಹಸುರು ದೀಪ. ಪರದೆಯ ಮೇಲೆ ನನ್ನ ಒಂಬತ್ತನೇ ತರಗತಿಯ ಲೆಕ್ಕಗಳ ಹೆಸರು ಸಾಲಾಗಿ ಮೂಡಿತು.

ಸ್ಕ್ರೂ ಬಿಗಿ ಮಾಡಿದೆ. ಬಿಗಿ ಮಾಡುವಾಗ ಜರುಗಿದೆಯೇನೋ ಅಂತ ಮತ್ತೊಮ್ಮೆ ಓದಿಸಿದೆ. ಓದಿತು. ಡಬ್ಬಿಯ ತಳದಿಂದ ಅಮ್ಮನ ಫ್ಲಾಪಿ ತೆಗೆದು ಬೆಳಕಿಗೆ ಹಿಡಿದೆ. ಒಂದು ಅಂಚಿನಲ್ಲಿ ಬಿಳಿ ಚುಕ್ಕೆ ಬಿದ್ದಿತ್ತು. ಹತ್ತಿಯಲ್ಲಿ ಸವರಿ, ಹಾಕಿ, ಕೀಲಿ ಒತ್ತಿದೆ.

"ನೋಡ್ತಿರು ಈಗ," ಅಂದೆ. "ನಿನಗೆ ಹೆಂಗೆ ಉಗಿದಿದ್ದಾಳೆ ಅಂತ ನಿನ್ನ ಕಿವಿಯಾರೆ ಕೇಳು."

ಟೀವಿಯ ಸ್ಪೀಕರ್ ಕರಕರ ಅಂದಿತು. ತಗಡಿನ ಮೇಲೆ ಮರಳು ಉಜ್ಜಿದಂಥ ಸದ್ದಿನೊಳಗಿಂದ ಅವಳು ಬಂದಳು. ನಾನು ತಲೆಯೊಳಗೆ ಇಟ್ಟುಕೊಂಡಿದ್ದಕ್ಕಿಂತ ತೆಳು ದನಿ, ಮೂಗಿನಲ್ಲಿ ಎಳೆಯುವ ದನಿ. ಅಯ್ಯೋ, ಇದೇ, ಇದೇ ನನ್ನಮ್ಮ.

"ಸಿಲ್ವಿನಾ! ಬೆಳಿಗ್ಗೆಯಿಂದ ಒಬ್ಬಳೇ ಕೂತಿದ್ದೀಯ. ತಮ್ಮಂಗೂ ಒಂದ್ಸಲ ಕೊಡೇ, ಹಟಮಾ..."

ಅಲ್ಲಿಗೆ ಮುಗಿಯಿತು. ಹಟಮಾರಿ ಅನ್ನುವುದು ಪೂರ್ತಿ ಹಿಡಿದಿರಲಿಲ್ಲ.

ಬೀದಿಯಲ್ಲಿ ಯಾವುದೋ ಬಸ್ಸು ಹೋಯಿತು. ದಾರಿಯೋ ನನ್ನ ಕಡೆ ನೋಡಲಿಲ್ಲ. ನೋಡಿ ನಕ್ಕಿದ್ದರೆ ಸ್ಕ್ರೂಡ್ರೈವರ್ ಅವನ ಮೇಲೆ ಎಸೆಯುತ್ತಿದ್ದೆ. ಅವನು ಡ್ರೈವನ್ನು ಇನ್ನೂ ಹಾಗೇ ಹಿಡಿದುಕೊಂಡು, ಅಳುತ್ತಾ, ಮೂಗು ಒರೆಸಿಕೊಳ್ಳಲು ಕೈ ಬಿಡುವ ಧೈರ್ಯವಿಲ್ಲದೆ ಹೆಗಲಿಗೆ ಉಜ್ಜಿಕೊಂಡ.

"ಇನ್ನೊಂದ್ಸಲ ಹಾಕೇ," ಅಂದ.

ಕ್ಯಾಸೆಟ್ಟಿನ ಕೋಪ ಹಾಗೇ ಇತ್ತು, ಇಂದಿಗೂ ಇದೆ. ಅದು ಹೋಯಿತು ಅಂದರೆ ಸುಳ್ಳು. ಆದರೆ ಅಮ್ಮ ಹೇಳಿದ್ದಕ್ಕೆ ಎದುರಾಡುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ಕುರ್ಚಿ ಬಿಟ್ಟು ಎದ್ದೆ. ಬುರುಡೆಗೆ ನೀರು ಹೊಯ್ದು ಅವನ ಮುಂದೆ ಕುಕ್ಕಿದೆ.

ಒಂದು ಗುಟುಕು ಹೀರಿ, "ತಣ್ಣಗಾಗಿದೆ," ಅಂದ.

"ಬಾಯ್ಮುಚ್ಕೊಂಡು ಕುಡಿ," ಅಂದೆ. "ಆಮೇಲೆ ನೀನೇ ಒತ್ತು. ಎಷ್ಟು ಸಲ ಒತ್ತಿದ್ರೂ ಬೈಯೋದು ನನಗೇ."