ನಡುವೆ ನಿಂತ ಅತ್ತೆ, ನಿಲ್ಲದ ಎಂಜಿನ್

ಮಾವನಿಗೂ ಸೊಸೆಗೂ ಮಾತು ನಿಂತು ತಿಂಗಳಾಗಿತ್ತು. ಕಾರಣ ಕೇಳಿದರೆ ನಗುತ್ತೀರಿ. ರಿಪೇರಿಗೆ ಬಂದಿದ್ದ ಒಂದು ಎಂಜಿನ್ನಿನ ಸಿಲಿಂಡರ್ ಹೆಡ್ಡಿನ ಬೋಲ್ಟುಗಳನ್ನು ಮಾವ ಕೈಯಂದಾಜಿನಲ್ಲೇ ಬಿಗಿ ಮಾಡಿ ಊಟಕ್ಕೆ ಹೋಗಿದ್ದ. ಸೊಸೆ ಎಷ್ಟು ಬಿಗಿ ಎಂದು ತೋರಿಸುವ ಅಳತೆಯ ಸ್ಪಾನರ್ ತಂದು ಅವಷ್ಟನ್ನೂ ಮತ್ತೊಮ್ಮೆ ಬಿಗಿ ಮಾಡಿದಳು. ಅಷ್ಟೇ ಆದದ್ದು. ಮಾವನಿಗೆ ಮೂಗಿನ ತುದಿಯಲ್ಲೇ ಕೋಪ, ಸೊಸೆಗೋ ಹಿಡಿದದ್ದೇ ಹಟ. ಅಂದಿನಿಂದ ಇಬ್ಬರೂ ಎಣ್ಣೆ ಸೀಗೆಕಾಯಿ. ರಾಜಿ ಮಾಡಿಸಬೇಕಾಗಿದ್ದ ಮಗ ಲಾರಿ ಹತ್ತಿ ಊರು ಬಿಟ್ಟಿದ್ದ, ಜಾಣ.

ಉಳಿದವಳು ಅತ್ತೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಮಂಜುಗಡ್ಡೆ ಕಾರ್ಖಾನೆಯ ಎಂಜಿನ್ ರಿಪೇರಿಗೆ ಬಂದಿತ್ತು. ಅದರ ಈ ಬದಿಗೆ ಮಾವ, ಆ ಬದಿಗೆ ಸೊಸೆ. ಕೈ ಚಾಚಿದರೆ ಒಬ್ಬರ ಕಿವಿ ಇನ್ನೊಬ್ಬರು ಹಿಂಡಬಹುದಾದಷ್ಟು ಹತ್ತಿರ. ಆದರೂ ಮಾತೆಲ್ಲ ಅತ್ತೆಯ ಮೂಲಕವೇ ಹೋಗಬೇಕು.

"ಅವಳಿಗೆ ಹೇಳು, ಪಿಸ್ಟನ್ ಉಂಗುರಗಳ ಬಾಯಿ ಒಂದೇ ಸಾಲಿಗೆ ಬರಬಾರದು ಅಂತ."

"ಅತ್ತೆ, ಮಾವನಿಗೆ ಹೇಳಿ, ನನಗೆ ಗೊತ್ತು ಅಂತ."

ಅತ್ತೆ ಒಲೆಯ ಮೇಲಿನದನ್ನು ಬಿಟ್ಟು ಓಡಿಬರುವಳು, ಹೇಳುವಳು, ಓಡಿಹೋಗುವಳು. ಹೀಗೆ ಮಾತು ಹೊತ್ತು ಹೊತ್ತೇ ಅವಳಿಗೆ ಒಂದಿಷ್ಟು ವಿದ್ಯೆಯೂ ಅಂಟಿಕೊಂಡಿತು. ಡೀಸೆಲ್ ಎಂಜಿನ್ನಿಗೆ ಕಿಡಿ ಹಚ್ಚುವ ಪ್ಲಗ್ಗೇ ಇಲ್ಲವಂತೆ! ಒಳಗೆ ಎಳೆದುಕೊಂಡ ಗಾಳಿಯನ್ನು ಪಿಸ್ಟನ್ ಹಿಂಡಿ ಹಿಪ್ಪೆ ಮಾಡುತ್ತದಂತೆ. ಹಿಂಡಿದ ಗಾಳಿ ಸುಡುವಷ್ಟು ಕಾಯುತ್ತದೆ, ಇಂಜೆಕ್ಟರ್ ಅದರೊಳಕ್ಕೆ ಡೀಸೆಲ್ ಚಿಮುಕಿಸಿದರೆ ತಾನಾಗಿಯೇ ಧಗ್ಗೆಂದು ಹೊತ್ತಿ ಪಿಸ್ಟನ್ನನ್ನು ಕೆಳಗೆ ಒದೆಯುತ್ತದೆ, ಕ್ರ್ಯಾಂಕ್ ತಿರುಗುತ್ತದೆ, ಹೊಗೆ ಹೊರಗೆ ಹೋಗುತ್ತದೆ. ನಮ್ಮ ಮನೆಯ ಹಾಗೇ ಆಯಿತಲ್ಲ, ಕಿಡಿ ಬೇಕಿಲ್ಲ, ಹಿಂಡಿದರೆ ಸಾಕು ಅಂದುಕೊಂಡಳು ಅತ್ತೆ.

ಎಂಜಿನ್ ಚಾಲೂ ಮಾಡಬೇಕಾದ ದಿನ ಬೆಳಿಗ್ಗೆ ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅತ್ತೆ, ಮಾವನಿಗೆ ಒಂದು ಮಾತು ಹೇಳಿ. ಇದೊಂದು ಎಂಜಿನ್ ಮುಗಿದ ಮೇಲೆ ನಾನು ಬೇರೆ ಗ್ಯಾರೇಜಿಗೆ ಕೆಲಸಕ್ಕೆ ಹೋಗ್ತೀನಿ."

ಅತ್ತೆ ಒಲೆ ಆರಿಸಿದಳು. ಈ ಮಾತು ಗಂಡನ ಕಿವಿಗೆ ಬಿದ್ದರೆ "ಹೋಗಲಿ" ಅಂದುಬಿಡುತ್ತಾನೆ, ಆಮೇಲೆ ಒಬ್ಬನೇ ಕೂತು ಕೊರಗುತ್ತಾನೆ. ಅವಳು ಅಂದರೆ ಅವನಿಗೆ ಪ್ರಾಣ ಅನ್ನುವುದು ಶೆಡ್ಡಿನ ಪಾನಾ-ಸ್ಪಾನರುಗಳಿಗೂ ಗೊತ್ತು.

"ನಾನು ಯಾರಿಗೂ ಏನೂ ಹೇಳಲ್ಲ," ಅಂದಳು ಅತ್ತೆ, "ಇವತ್ತಿಂದ ನನ್ನ ಟಪಾಲು ಬಂದ್! ನೀವೂ ಕೇಳಿಸ್ಕೊಳ್ರೀ, ಬಂದ್!" ಎಂದು ಶೆಡ್ಡಿನ ಕಡೆಗೂ ಕೂಗಿ, ಹಲಗೆ ಎಳೆದುಕೊಂಡು ಕುಂಬಳಕಾಯಿ ಹೆಚ್ಚಲು ಕೂತಳು.

ಮಾತು ಹೊರುವವರಿಲ್ಲದೆ ಶೆಡ್ಡು ಗಪ್‌ಚಿಪ್ಪಾಯಿತು. ಮಾವ ಎಂಜಿನ್ನಿಗೆ ಹಾಕಬೇಕಾದಷ್ಟು ಆಯಿಲ್ ಹಾಕಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಹೋದ. ಸೊಸೆ ಒಳಗೆ ಬಂದು ಹಾಕಬೇಕಾದಷ್ಟು ಆಯಿಲ್ ಹಾಕಿದಳು. "ಹಾಕಿದ್ರಾ?" ಎಂದು ಇವಳು ಕೇಳಲಿಲ್ಲ, "ಹಾಕಿದೀನಿ" ಎಂದು ಅವನು ಹೇಳಲಿಲ್ಲ. ಅಳತೆ ಕಡ್ಡಿ ಎಳೆದು ನೋಡುವುದೂ ಮರೆತುಹೋಯಿತು, ಇಬ್ಬರ ತಲೆಯಲ್ಲೂ ಎಂಜಿನ್ನಿಗಿಂತ ಸಿಟ್ಟೇ ಹೆಚ್ಚು ತಿರುಗುತ್ತಿತ್ತು.

ಚಾಲೂ ಮಾಡಿದರು. ಎಂಜಿನ್ ಮೊದಲು ಗೊಣಗಿತು, ಆಮೇಲೆ ಚೆಂದವಾಗಿ ಹಾಡಿತು. ಅಡುಗೆಮನೆಯಲ್ಲಿ ಅತ್ತೆ "ಅಬ್ಬ!" ಅನ್ನುವಷ್ಟರಲ್ಲಿ ಹಾಡು ಅರಚಾಟವಾಯಿತು. ಮೈತುಂಬಾ ಆಯಿಲ್ ಕುಡಿದ ಎಂಜಿನ್ ಅದನ್ನೇ ಉಸಿರಾಟದ ಕೊಳವೆಯಿಂದ ಸಿಲಿಂಡರಿಗೆ ಎಳೆದುಕೊಂಡು ಉರಿಸತೊಡಗಿತ್ತು. ನೀಲಿ ಹೊಗೆ, ಗಡಗಡ, ಗೋಡೆಯ ಮೇಲಿನ ಪಾನಾಗಳೆಲ್ಲ ಧಬಧಬ ನೆಲಕ್ಕೆ. ಅತ್ತೆ ಕುಂಬಳಕಾಯಿ ಚೆಲ್ಲಿ, ಹಲಗೆ ಕೈಯಲ್ಲೇ ಹಿಡಿದು, ಎದ್ದೆನೋ ಬಿದ್ದೆನೋ ಎಂದು ಓಡಿಬಂದಳು.

"ಅವಳಿಗೆ ಹೇಳು, ಡೀಸೆಲ್ ಬಂದ್ ಮಾಡು ಅಂತ!" ಮಾವ ಅರಚಿದ.

"ಮಾವನಿಗೆ ಹೇಳಿ, ಬಂದ್ ಮಾಡಾಯ್ತು, ನಿಲ್ತಿಲ್ಲ ಅಂತ!" ಸೊಸೆ ಕಿರುಚಿದಳು.

ಮೂರು ಜನರೂ ಹೊಗೆಯಲ್ಲಿ ಕೆಮ್ಮುತ್ತಿದ್ದರು. ಎಂಜಿನ್ ಇನ್ನೇನು ತುಂಡುತುಂಡಾಗಿ ಛಾವಣಿ ಹಾರಿಸುವಂತಿತ್ತು. ಆದರೂ ಇಬ್ಬರೂ ಅತ್ತೆಯ ಮುಖವನ್ನೇ ನೋಡುತ್ತಿದ್ದರು! ಅವಳಿಗೆ ರೇಗಿಹೋಯಿತು.

"ಹೇಳಲ್ಲ! ಸತ್ತರೂ ಹೇಳಲ್ಲ! ಬಾಯಿಲ್ವಾ ನಿಮಗೆ?"

 ಎಂಜಿನ್ ಇನ್ನೂ ಒಂದು ಸ್ಥಾಯಿ ಮೇಲೇರಿತು. ಅದರ ಪಕ್ಕದಲ್ಲೇ ನಿಂತಿದ್ದಳು ಸೊಸೆ. ಆಗ ಬಂತು ಮಾವನ ಗಂಟಲಿನಿಂದ, ಎಂಜಿನ್ನಿನ ಸದ್ದನ್ನೂ ಮೀರಿ:

"ಮಗಳೇ! ಗಾಳಿ! ಗಾಳಿ ಮುಚ್ಚಮ್ಮಾ!"

ಗಾಳಿಯ ಫಿಲ್ಟರ್ ಇನ್ನೂ ಜೋಡಿಸಿರಲಿಲ್ಲ, ಎಂಜಿನ್ ಗಾಳಿ ಎಳೆಯುವ ಕೊಳವೆ ಬಾಯಿ ತೆರೆದುಕೊಂಡೇ ಇತ್ತು. ಸೊಸೆ ಅತ್ತೆಯ ಕೈಯಿಂದ ಹಲಗೆ ಕಿತ್ತುಕೊಂಡು ಆ ಬಾಯಿಗೆ ಒತ್ತಿ ಹಿಡಿದಳು. ಮಾವ ಹಿಂದಿನಿಂದ ಬಂದು ಅವಳ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟು ಒತ್ತಿದ. ಎಂಜಿನ್ ಏದುಸಿರು ಬಿಟ್ಟಿತು, ನಡುಗಿತು, ಸುಮ್ಮನಾಯಿತು.

"ಆಯಿಲ್ ಯಾರು ಹಾಕಿದ್ದು?" ಎಂದು ಇಬ್ಬರೂ ಒಟ್ಟಿಗೆ ಕೇಳಿದರು. "ನಾನು" ಎಂದು ಇಬ್ಬರೂ ಒಟ್ಟಿಗೆ ಹೇಳಿದರು.

ಮೊದಲು ನಕ್ಕವನು ಮಾವನೇ. ಮಸಿ ಬಳಿದ ಮುಖದಲ್ಲಿ ಕಣ್ಣೀರು ಎರಡು ಗೆರೆ ಎಳೆದುಕೊಂಡು ಇಳಿಯುವ ತನಕ ನಕ್ಕ. ಸೊಸೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತೇಬಿಟ್ಟಳು. ಆಮೇಲೆ ಇಬ್ಬರೂ ಜಗಳಕ್ಕೆ ನಿಂತರು. ನೀವು ಕೇಳಬೇಕಿತ್ತು, ನೀನು ಕಡ್ಡಿ ನೋಡಬೇಕಿತ್ತು, ನೀವೇ ನೋಡಬೇಕಿತ್ತು ಎಂದು, ಮುಖಕ್ಕೆ ಮುಖ ಕೊಟ್ಟು, ತಿಂಗಳಿಡೀ ಕೂಡಿಟ್ಟದ್ದನ್ನೆಲ್ಲ ಒಂದೇ ಸಮನೆ. ಅತ್ತೆಗೆ ಆ ಜಗಳ ಕೇಳುತ್ತಾ ಕುಣಿಯಬೇಕು ಅನ್ನಿಸುವಷ್ಟು ಸಂತೋಷವಾಯಿತು.

"ನಾಳೆ ದೋಣಿ ಎಂಜಿನ್ ಒಂದು ಬರ್ತಿದೆ," ಅಂದ ಮಾವ ಕೊನೆಗೆ, ಅತ್ತ ತಿರುಗಿ ಪಾನಾ ಹೆಕ್ಕುತ್ತಾ. "ಅದರ ಡೀಸೆಲ್ ಪಂಪು ನೀನೇ ಬಿಚ್ಚು. ನನ್ನ ಕಣ್ಣಿಗೆ ಅಷ್ಟು ಸಣ್ಣದೆಲ್ಲ ಕಾಣಿಸಲ್ಲ."

ಸೊಸೆ ಸರಸರ ಅತ್ತೆಯ ಬಳಿ ಬಂದು ತೋಳು ಹಿಡಿದಳು.

"ಅತ್ತೆ, ಬೆಳಿಗ್ಗೆ ಹೇಳಿದ ಮಾತು... ಮಾವನಿಗೆ ಹೇಳಿಬಿಟ್ರಾ?"

"ಇಲ್ಲಮ್ಮ."

"ಹೇಳ್ಬೇಡಿ," ಅಂದಳು ಸೊಸೆ, ಅತ್ತೆಯ ಹೆಗಲಿಗೆ ಮಸಿ ಮುಖ ಒರಗಿಸಿ.