ಖಾಲಿ ಕುರ್ಚಿಯ ಹಸಿರು ದೀಪ

ಮೈಕು ಮತ್ತೆ ಕಿರುಚಿತು, ಯಾರೋ ಅದರ ತಲೆಗೆ ಎರಡೇಟು ತಟ್ಟಿದರು, ಹಲೋ ಹಲೋ, ಹಿಂದಿನವ್ರಿಗೆ ಕೇಳ್ತಾ ಇದೆಯಾ, ಕೇಳ್ತಾ ಇದೆ ಮಾರಾಯ, ಕಿವಿ ತೂತಾಗೋ ಹಾಗೆ ಕೇಳ್ತಾ ಇದೆ — ಅಗ್ನಿಶಾಮಕ ಠಾಣೆಯ ಈ ಶೆಡ್ಡಿನಲ್ಲಿ ಮೈಕು ಎಂದಾದರೂ ನೆಟ್ಟಗಿದ್ದುಂಟೇ, ಕೆಂಪು ಗಾಡಿಗಳನ್ನು ಹೊರಗೆ ನಿಲ್ಲಿಸಿ ಚುನಾವಣಾ ಸಭೆಗೆಂದು ಉದ್ದಕ್ಕೆ ಮೇಜು ಹಾಕಿದ್ದಾರೆ, ಹಿಂಬಾಗಿಲಿನಿಂದ ಕ್ಯಾಟ್‌ಫಿಶ್ ಕರಿಯುವ ವಾಸನೆ, ಜೋಳದ ಹಿಟ್ಟು ತುಸು ಸೀದಿದೆ, ಸೀಯಲಿ, ನನಗೇನು ಹಸಿವಿಲ್ಲ. ರಸ್ತೆಯ ಪ್ರಶ್ನೆ ಆಯಿತು, ಈಗ ಅಣೆಕಟ್ಟಿನ ಪ್ರಶ್ನೆ, ಆಮೇಲೆ ನಾನು. ಡೆಲ್ಬರ್ಟ್ ಹ್ಯಾಸ್ಕಿನ್ಸ್ ತೋಳು ಮಡಚಿದ ನೀಲಿ ಅಂಗಿಯಲ್ಲಿ ನಿಂತು ಅಣೆಕಟ್ಟಿನ ಬಗ್ಗೆ ಹೇಳುತ್ತಿದ್ದಾನೆ, ಹೇಳುವುದು ಅವನಿಗೆ ಬರುತ್ತದೆ, ನಮ್ಮ ಡೆಲ್, ನಮ್ಮ ಬೀದಿಯ ಹುಡುಗ, ರಾಜ್ಯದ ಸದನದಲ್ಲಿ ಮೂರನೇ ಅವಧಿಯ ಸದಸ್ಯ, ಈಗ ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗೆ, ದೇಶದ ಸಂಸತ್ತಿಗೇ, ನಿಂತಿದ್ದಾನೆ. ಅವನ ಆ ಟಿವಿ ಜಾಹೀರಾತು, ಹಿನ್ನೆಲೆಯಲ್ಲಿ ಪಿಟೀಲು, ಮುಂದೆ ಅವನು, ನಮ್ಮ ಆಸ್ಪತ್ರೆಯ ವಿರುದ್ಧ ನಾನು ಮತ ಹಾಕಿಲ್ಲ, ಹಾಕೋದೂ ಇಲ್ಲ. ಎಷ್ಟು ಚೆನ್ನಾಗಿ ಹೇಳುತ್ತಾನೆ, ನಾನೂ ನಂಬಿದ್ದೆ, ನಂಬಲು ಇಷ್ಟವಿತ್ತು.

ಇಷ್ಟವಿದ್ದರೆ ಸಾಲದಲ್ಲ, ನಾನು ಈ ಊರಿನ ವಾರಪತ್ರಿಕೆಯ ಸಂಪಾದಕಿ, ವರದಿಗಾರ್ತಿ, ಕರಡು ತಿದ್ದುವವಳು, ಕೊನೆಗೆ ಕಸ ಗುಡಿಸುವವಳೂ ನಾನೇ, ಅಭ್ಯರ್ಥಿ ಸದನದಲ್ಲಿ ಏನೇನು ಮಾಡಿದ್ದಾನೆ ಎಂದು ನೋಡದೆ ಬರೆಯುವುದು ಹೇಗೆ, ನೋಡೋಣವೆಂದು ಹಳೆಯ ಕಲಾಪಗಳ ವಿಡಿಯೊ ಹಾಕಿಕೊಂಡು ಕೂತೆ, ಅಬ್ಬಾ ಏನು ಆಕಳಿಕೆ, ಒಬ್ಬರು ಎದ್ದು ಇನ್ನೊಬ್ಬರನ್ನು ಹೊಗಳುವುದು, ಘಂಟೆ, ಗೋಡೆಯ ಫಲಕದಲ್ಲಿ ಹೆಸರಿನ ಮುಂದೆ ಹೌದೆಂದರೆ ಹಸಿರು ದೀಪ, ಬೇಡವೆಂದರೆ ಕೆಂಪು ದೀಪ, ಮತ್ತೆ ಹೊಗಳಿಕೆ. ನಾಲ್ಕು ವರ್ಷದ ಹಿಂದಿನ ಆ ಮಸೂದೆ ಬಂತು, ಸಣ್ಣ ಊರಿನ ಆಸ್ಪತ್ರೆಗಳಿಗೆ ರಾಜ್ಯ ಕೊಡುತ್ತಿದ್ದ ನೆರವು ನಿಲ್ಲಿಸುವುದು, ಅದರಿಂದಲೇ ತಾನೇ ನಮ್ಮ ಹೆರಿಗೆ ವಾರ್ಡಿಗೆ ಬೀಗ ಬಿದ್ದದ್ದು — ಹ್ಯಾಸ್ಕಿನ್ಸ್, ಹಸಿರು. ಹಸಿರು! ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ. ಕುರ್ಚಿ ಖಾಲಿ. ಡೆಲ್ ಅಲ್ಲಿಲ್ಲ. ಪಕ್ಕದ ಕುರ್ಚಿಯ ಮುದುಕ, ನೆರೆಯ ಕ್ಷೇತ್ರದ ಬರ್ಲ್ ಓಟ್ಮನ್, ಕನ್ನಡಕ ಹಣೆಗೇರಿಸಿಕೊಂಡು ತನ್ನ ಗುಂಡಿ ಒತ್ತಿದ, ಹಾಗೇ ಕೈ ಚಾಚಿ ಡೆಲ್‌ನ ಗುಂಡಿಯನ್ನೂ ಒತ್ತಿದ. ಆ ಸದನದಲ್ಲಿ ಅದೇನು ಹೊಸದಲ್ಲ, ಒಬ್ಬರು ಕಾಫಿಗೆ ಹೋದರೆ ಪಕ್ಕದವರು ಒತ್ತಿಬಿಡುತ್ತಾರೆ, ಕಾಲೇಜಿನಲ್ಲಿ ಗೆಳೆಯನ ಹಾಜರಿ ಕೂಗಿದ ಹಾಗೆ, ನಿಯಮ ಬೇಡವೆನ್ನುತ್ತದೆ, ನಿಯಮವನ್ನು ಕೇಳುವವರು ಯಾರು. ಅಂದರೆ ಜಾಹೀರಾತು ಸುಳ್ಳಲ್ಲ, ಅವನು ಒತ್ತಿಲ್ಲ. ದೀಪವೂ ಸುಳ್ಳಲ್ಲ. ಹಾಗಾದರೆ ಯಾವುದು ನಿಜ, ಅವನ ಕಚೇರಿಗೆ ಫೋನು ಮಾಡಿದೆ, ಸಹಾಯಕಿ ಮಾತಿನಲ್ಲಿ ಜೇನು ಸುರಿದಳು, ಮಿಸೆಸ್ ಪ್ರುವಿಟ್, ಅದು ಪಕ್ಕದವ್ರು ತಪ್ಪಿ ಒತ್ತಿದ್ದು, ಪಾಪ ಅವ್ರು ಈಗಿಲ್ಲ ಬಿಡಿ. ಇಲ್ಲ ನಿಜ, ಬರ್ಲ್ ಹೋಗಿ ಎರಡು ವರ್ಷವಾಯಿತು, ಸತ್ತವನ ಮೇಲೆ ಹಾಕಿಬಿಟ್ಟರೆ ಅವನು ಎದ್ದು ಬಂದು ಜಗಳವಾಡುವುದಿಲ್ಲ, ಎಂಥ ಅನುಕೂಲ.

ಅಮ್ಮಾ, ಯಾಕೆ ಹಲ್ಲು ಕಡೀತಿದೀಯಾ. ಕೊರಿನ್. ಮಗಳು ಪಕ್ಕದಲ್ಲಿ ಮಡಿಸುವ ಕುರ್ಚಿಯ ಮೇಲೆ ಕಾಲಗಲಿಸಿ ಕೂತಿದ್ದಾಳೆ, ಏಳು ತಿಂಗಳು ತುಂಬಿದೆ, ಹೊಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ತಿನ್ನುತ್ತಿದ್ದಾಳೆ, ಮೇಜು ಬೇಡ್ವೇನೇ ನಿನಗೆ, ಇದೇ ಮೇಜು ಕಣಮ್ಮ, ನಗುತ್ತಾಳೆ, ಇವಳಿಗೆ ಹೇಗೆ ನಗು ಬರುತ್ತದೋ, ಮೊದಲ ಹೆರಿಗೆ ಕಾರಿನ ಹಿಂದಿನ ಸೀಟಿನಲ್ಲಾಯಿತು, ನಗರದ ಆಸ್ಪತ್ರೆ ಇನ್ನೂ ಅರ್ಧ ದಾರಿ ಇತ್ತು, ಪೆಟ್ರೋಲ್ ಬಂಕಿನ ದೀಪದ ಕೆಳಗೆ ಕಾರು ನಿಲ್ಲಿಸಿ ನನ್ನ ಕೋಟು ಹಾಸಿದೆ, ಮಗು ಅತ್ತಿತು, ಇವಳು ಸುಮ್ಮನಾದಳು, ಆ ಸುಮ್ಮನಿದ್ದದ್ದು — ರಕ್ತ ನಿಲ್ಲಲಿಲ್ಲ, ನಾನು ಅವಳ ಕೆನ್ನೆ ಬಡಿಯುತ್ತಿದ್ದೆ, ಮಾತಾಡೇ, ಬೈಯೇ ನನ್ನ, ಏನಾದ್ರೂ ಅನ್ನೇ. ಬದುಕಿದಳು. ಇನ್ನೊಮ್ಮೆ ಆ ದಾರಿಯಲ್ಲಿ ನಾನು ಕಾರು ಓಡಿಸಲಾರೆ. ಈ ಗುರುವಾರ ಆ ನೆರವನ್ನು ಮರಳಿ ಕೊಡುವ ಮಸೂದೆ ಸದನಕ್ಕೆ ಬರುತ್ತಿದೆ, ಡೆಲ್ ಇನ್ನೂ ಅಲ್ಲಿನ ಸದಸ್ಯ, ಅವನ ಪಕ್ಷಕ್ಕೆ ಅದು ಬೇಡ, ಒಂದೆರಡು ಮತದಲ್ಲಿ ಈ ಕಡೆಯೋ ಆ ಕಡೆಯೋ ಎನ್ನುತ್ತಾರೆ. ವಾಷಿಂಗ್ಟನ್ ಯಾರಿಗೆ ಬೇಕು, ನನಗೆ ಗುರುವಾರ ಬೇಕು.

ಮಿಸೆಸ್ ಪ್ರುವಿಟ್, ನಿಮ್ಮ ಪ್ರಶ್ನೆ — ಎದ್ದೆ, ಮಂಡಿ ಕಟಕ್ಕೆಂದಿತು, ಧ್ವನಿ ನನ್ನದೇ ತಾನೇ ಇದು, ಡೆಲ್, ಹೆರಿಗೆ ವಾರ್ಡ್ ಮುಚ್ಚಿಸಿದ ಮಸೂದೆಗೆ ನಿನ್ನ ಹೆಸರಿನ ಮುಂದೆ ಹಸಿರು ದೀಪ ಇದೆ, ನಿನ್ನ ಕುರ್ಚಿ ಖಾಲಿ ಇದೆ, ನಿನ್ನ ಗುಂಡಿ ಒತ್ತಿದ್ದು ಬರ್ಲ್ ಓಟ್ಮನ್, ನಾನು ಕಣ್ಣಾರೆ ನೋಡಿದೀನಿ, ಎಲ್ಲಿಗೆ ಹೋಗಿದ್ದೆ ನೀನು. ಡೆಲ್‌ನ ಕಿವಿ ಕೆಂಪಾಯಿತು, ಚಿಕ್ಕಂದಿನಲ್ಲೂ ಸಿಕ್ಕಿಬಿದ್ದಾಗ ಮೊದಲು ಕಿವಿಯೇ ಕೆಂಪಾಗುತ್ತಿತ್ತು. ನೋಡಿ, ಅದು, ಬರ್ಲ್ ಅವತ್ತು — ಅಂದ, ಹೇಳಬೇಡವೋ, ಮನಸ್ಸಿನಲ್ಲೇ ಅಂದುಕೊಂಡೆ, ದೇವರಾಣೆ ಸತ್ತವನ ಮೇಲೆ ಹಾಕಬೇಡ, ಆ ಸುಲಭದ ದಾರಿ ಹಿಡಿದರೆ ನೀನು ನನಗೆ ಮುಗಿದೆ. ಅಷ್ಟರಲ್ಲಿ ಹಿಂಬಾಗಿಲಿನಲ್ಲಿ ಯಾರೋ ನಿಂತರು, ಬರ್ಲ್‌ನ ಹೆಂಡತಿ ನೆಲ್ಡಾ, ಬಾಣಲೆ ಬಿಟ್ಟು ಬಂದಿದ್ದಾಳೆ, ಮುಖ ಬೆವರಿನಲ್ಲಿ ಹೊಳೆಯುತ್ತಿದೆ. ಹೇಳಪ್ಪ ಡೆಲ್, ಬರ್ಲ್ ಅವತ್ತು ಏನ್ ಮಾಡ್ದ, ನನಗೂ ಕೇಳ್ಬೇಕು. ಜೋರಾಗಿ ಏನೂ ಅನ್ನಲಿಲ್ಲ, ಜೋರಾಗಿ ಅಂದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ.

ಡೆಲ್ ಮೈಕನ್ನು ಮೇಜಿನ ಮೇಲಿಟ್ಟ. ಬರ್ಲ್ ಏನೂ ತಪ್ಪು ಮಾಡ್ಲಿಲ್ಲ ನೆಲ್ಡಮ್ಮ, ನಾನ್ ಹೇಳಿದ್ದನ್ನ ಮಾಡ್ದ. ಹಸಿರು ಒತ್ತು ಅಂತ ಪಕ್ಷದವ್ರು ನನ್ನ ಕೂರಿಸ್ಕೊಂಡು ಹೇಳಿದ್ರು. ನನ್ನ ಕೈಲಿ ಒತ್ತೋಕಾಗ್ಲಿಲ್ಲ, ಒತ್ತಲ್ಲ ಅನ್ನೋ ಧೈರ್ಯಾನೂ ಬರ್ಲಿಲ್ಲ. ನನ್ನದೂ ನೋಡ್ಕೋ ಬರ್ಲ್ ಅಂದು ಎದ್ದು ಹೋಗಿ ಹೊರಗೆ ಸೋಡಾ ಯಂತ್ರದ ಪಕ್ಕ ನಿಂತೆ, ಘಂಟೆ ನಿಲ್ಲೋವರೆಗೂ ನಿಂತೆ. ಆ ಮತ ನನ್ನದೇ. ಜಾಹೀರಾತು ನಾಳೆಯಿಂದ ಬರಲ್ಲ. ಮೂಲೆಯಲ್ಲಿ ಅವನ ಸಹಾಯಕಿ ಕಣ್ಣು ಮುಚ್ಚಿಕೊಂಡಳು, ಪಾಪ, ಜೇನೆಲ್ಲ ಚೆಲ್ಲಿಹೋಯಿತು. ನನಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ, ನನ್ನ ಮಗಳ ರಕ್ತಕ್ಕೆ ಇವನ ಸೋಡಾ ಕಾರಣ, ಆದರೆ ಸಿಟ್ಟಿನ ಅಡಿಯಲ್ಲಿ ನಂಬಿಕೆಯಂಥದ್ದೇನೋ ಮಿಸುಕಿತು, ಬಹಳ ದಿನದ ಮೇಲೆ. ಕೊರಿನ್ ಎದ್ದಿದ್ದಾಳೆ, ತಟ್ಟೆ ಕೈಯಲ್ಲೇ ಇದೆ, ಅದೆಲ್ಲ ಸರಿ ಡೆಲ್, ಈ ಮಗೂನ ಎಲ್ಲಿ ಹೆರ್ಲಿ ಹೇಳು. ಗೊತ್ತಿಲ್ಲಮ್ಮ, ಅಂದ. ಓಟು ಕೇಳಲು ಬಂದವನ ಬಾಯಲ್ಲಿ ಈ ಮಾತನ್ನು ನಾನು ಇದೇ ಮೊದಲು ಕೇಳಿದ್ದು. ಗುರುವಾರ ನಾನು ಪಕ್ಷದ ಮಾತು ಮೀರ್ತೀನಿ ಅಂತ ಹೇಳೋಕೇ ಬಂದಿದೀನಿ, ಅಂದ ಡೆಲ್, ಆದ್ರೆ ಅವತ್ತೂ ಮನೆಯಿಂದ ಹೊರಡುವಾಗ ಹಾಗೇ ಅಂದ್ಕೊಂಡಿದ್ದೆ. ಒಬ್ನೇ ಹೋದ್ರೆ ಮತ್ತೆ ಸೋಡಾ ಕುಡಿಯೋಕೆ ಎದ್ದುಬಿಡ್ತೀನೋ ಏನೋ. ಸದನದಲ್ಲಿ ಮೇಲೆ ಜನ ಕೂರೋ ಗ್ಯಾಲರಿ ಇದೆ, ಬಂದು ಕೂತ್ಕೊಳ್ಳಿ, ನನ್ನ ಕುರ್ಚಿ ಅಲ್ಲಿಂದ ಕಾಣುತ್ತೆ. ಯಾರ್ಯಾರು ಬರ್ತೀರಿ, ಕೈ ಎತ್ತಿ.

ಗುರುವಾರ ಕೆಲಸದ ದಿನ, ರಾಜಧಾನಿ ಹತ್ತಿರವಲ್ಲ, ಸುಳ್ಳು ಹೇಳಿದವನ ಹಿಂದೆ ಯಾಕೆ ಹೋಗಬೇಕು, ನಾನು ಹೋಗುತ್ತೇನೆ ಸರಿ, ಪತ್ರಕರ್ತೆ ಕೈ ಎತ್ತುವ ಹಾಗಿಲ್ಲ, ಎತ್ತುವ ಹಾಗಿಲ್ಲವೇ, ಯಾರು ಹೇಳಿದ್ದು, ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಯಾರೋ ಕುರ್ಚಿ ಎಳೆದರು, ಎದ್ದು ಹೋಗುತ್ತಾರೆ, ಈಗ ಎಲ್ಲರೂ ಎದ್ದು ಹೋಗುತ್ತಾರೆ — ಆಗ ಹಿಂಬಾಗಿಲಿನಲ್ಲಿ ನೆಲ್ಡಾ ಕೈ ಎತ್ತಿದಳು, ತೆಳು ಪ್ಲಾಸ್ಟಿಕ್ಕಿನ ಗ್ಲೌಸು ಹಾಗೇ ಇದೆ, ಬೆರಳಿಗೆಲ್ಲ ಜೋಳದ ಹಿಟ್ಟು, ಹಳದಿ ಹಿಟ್ಟು ಮಣಿಕಟ್ಟಿನಿಂದ ಮೊಣಕೈಗೆ ಇಳಿಯುತ್ತಿದೆ, ಒರೆಸಿಕೊಳ್ಳುತ್ತಿಲ್ಲ, ಕೈ ಇಳಿಸುತ್ತಿಲ್ಲ, ನನ್ನ ಪಕ್ಕದಲ್ಲಿ ಕೊರಿನ್‌ಳ ಕೈ, ಅದರಾಚೆ ಇನ್ನೊಂದು, ನಾನು ಅವನ್ನು ನೋಡುತ್ತಿಲ್ಲ, ಆ ಕೈ, ಹಿಟ್ಟು ಮೆತ್ತಿದ ಆ ಕೈ, ನೆಲ್ಡಾಳ ಕೈ.