ಹಿಂದಿನ ತುದಿ

ಮೆಟ್ಟಿಲ ಮೇಲೆ ಇಬ್ಬರ ಕಾಲಸದ್ದು ಕೇಳಿತು. ಬಾಗಿಲ ಬಳಿ ಕುರ್ಚಿಯಲ್ಲಿ ಎಡಗಾಲು ಚಾಚಿ ಕೂತಿದ್ದ ಗೋಲಿ ಕಿವಿಗೊಟ್ಟ. ಒಬ್ಬ ಅಣ್ಣ, ಅದರಲ್ಲಿ ಅನುಮಾನವಿಲ್ಲ. ಇನ್ನೊಬ್ಬ ನೆಲಮಹಡಿಯ ದರ್ಜಿ ಅಲ್ಲ. ದರ್ಜಿಯಾಗಿದ್ದರೆ ಪ್ರತಿ ತಿರುವಿಗೂ ನಿಂತು ಏದುಸಿರು ಬಿಡುತ್ತಿದ್ದ. ಈ ಕಾಲು ಎಲ್ಲೂ ನಿಲ್ಲಲಿಲ್ಲ. ಅಣ್ಣನ ಎಡಕ್ಕೆ ಎಡ, ಬಲಕ್ಕೆ ಬಲ ಕೂಡಿಸಿಕೊಂಡು ಮೂರು ಮಹಡಿ ಹತ್ತಿ ಬಂತು. ಹಾಗೆ ಹೆಜ್ಜೆ ಕೂಡಿಸುವವರು ಗಾಜು ಹೊರುವವರು ಮಾತ್ರ.

"ದರ್ಜಿ ಎಲ್ಲಿ?" ಎಂದ ಗೋಲಿ, ಅಣ್ಣ ಚಪ್ಪಲಿ ಬಿಡುವ ಮೊದಲೇ.

"ಸೊಂಟ ಹಿಡ್ಕೊಂಡಿದೆಯಂತೆ."

ಒಳಗಿಂದ ಅತ್ತಿಗೆ ಅಂದಳು, "ನಾಲ್ಕು ವಾರ ಇವನನ್ನ ಹೊತ್ತು ಅವನೂ ಹಾಸಿಗೆ ಹಿಡಿದ. ಇನ್ನು ಅವನನ್ನ ಹೊರೋಕೆ ಇಬ್ಬರನ್ನ ಹುಡುಕ್ಬೇಕು."

ಅಣ್ಣನ ಹಿಂದೆ ಬಾಗಿಲ ಚೌಕಟ್ಟಿಗೆ ತಲೆ ತಗಲದಂತೆ ಬಗ್ಗಿ ಒಳಗೆ ಬಂದವನು ಕೊಕ್ಕರೆ. ಕತ್ತೂ ಉದ್ದ, ಕಾಲೂ ಉದ್ದ, ಗಾಜಿನಂಗಡಿಗೆ ಸೇರಿದ ಎರಡನೇ ದಿನವೇ ಆ ಹೆಸರು ಬಿದ್ದಿತ್ತು. ಗೋಲಿಯ ಮಂಡಿ ಹೋದ ಮರುದಿನದಿಂದ ಗೋಲಿಯ ಜಾಗದಲ್ಲಿ ಗಾಜು ಹಿಡಿಯುತ್ತಿದ್ದವನು ಇವನೇ.

"ಹೇಗಿದೀರ ಗೋಲಿ ಅಣ್ಣ?" ಎಂದ. ಒಳ್ಳೆಯ ಹುಡುಗ. ಅದೇ ಗೋಲಿಗೆ ಉರಿ. ಕೆಟ್ಟವನಾಗಿದ್ದರೆ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು.

"ಕಾಣಲ್ವಾ ಹೇಗಿದೀನಿ ಅಂತ? ಸಿಂಹಾಸನದ ಮೇಲಿದೀನಿ."

ಮಂಡಿಯೊಳಗಿನ ಕಟ್ಟು ಹರಿದಿತ್ತು. ಅದೇ ಕಾಲಿನ ತೊಡೆಯಿಂದ ಒಂದು ಸ್ನಾಯುವಿನ ಎಳೆ ಕಿತ್ತು ಅಲ್ಲಿ ಕೂರಿಸಿ, ಮೂಳೆಗಳ ನಡುವೆ ಹರಿದಿದ್ದ ಮೆತ್ತೆಗೂ ಹೊಲಿಗೆ ಹಾಕಿ, ಆರು ವಾರ ಆ ಕಾಲಿಗೆ ಭಾರ ಹಾಕಬೇಡ ಎಂದಿದ್ದರು ಡಾಕ್ಟರು. ಮನೆಯೊಳಗೆ ಊರುಗೋಲು ಸಾಕು. ಈ ಕಡಿದಾದ ಮೆಟ್ಟಿಲಲ್ಲಿ ಊರುಗೋಲಿನ ಆಟ ನಡೆಯುವುದಿಲ್ಲ. ಆದ್ದರಿಂದ ಬುಧವಾರಕ್ಕೊಮ್ಮೆ, ವ್ಯಾಯಾಮ ಹೇಳಿಕೊಡುವ ಮೇಡಂ ಹತ್ತಿರ ಹೋಗಲು, ಕುರ್ಚಿ, ಮುಂದೊಬ್ಬ, ಹಿಂದೊಬ್ಬ.

ಬಿದ್ದದ್ದು ಹೇಗೆ ಎಂದು ಯಾರಾದರೂ ಕೇಳಿದರೆ ಅವನಿಗೆ ಮೈಯೆಲ್ಲ ಬೆಂಕಿ. ಭಾನುವಾರದ ಆಟ, ಗಾಜಿನಂಗಡಿಯವರಿಗೂ ಪ್ಲೈವುಡ್ ಅಂಗಡಿಯವರಿಗೂ. ಇವನು ಗೋಲು ಕಾಯುವವನು, ಹೆಸರು ಬಂದದ್ದೂ ಅದರಿಂದಲೇ. ಚೆಂಡು ಮೇಲೆ ಬಂತು, ಹಾರಿದ, ಹಿಡಿದ, ಇಳಿದ. ಇಳಿಯುವಾಗ ಪಾದ ಹುಲ್ಲಿನಲ್ಲಿ ನಿಂತಿತು, ಮೈ ಮಾತ್ರ ತಿರುಗಿತು. ಹಸಿ ಕಡ್ಡಿ ಮುರಿದಂತೆ ಒಂದು ಸದ್ದು. ಹತ್ತು ಅಡಿ ಸುತ್ತ ಒಬ್ಬನೂ ಇರಲಿಲ್ಲ. ಯಾರಾದರೂ ಒದ್ದಿದ್ದರೆ ಅವನ ಮನೆ ಮುಂದೆ ಹೋಗಿ ಕೂರಬಹುದಿತ್ತು. ಕೂರುವುದಕ್ಕಾದರೂ ಒಂದು ಬಾಗಿಲು ಇರುತ್ತಿತ್ತು. ಈಗ ಯಾರನ್ನು ಹಿಡಿದು ಕೇಳುವುದು, ಹುಲ್ಲನ್ನಾ? ಕೈಲಾಗದವನು ಮೈ ಪರಚಿಕೊಂಡ ಎನ್ನುತ್ತಾರಲ್ಲ, ಬ್ರೇಸು ಕಟ್ಟಿದ ಕಾಲನ್ನು ಪರಚಿಕೊಳ್ಳುವುದಕ್ಕೂ ಆಗುತ್ತಿರಲಿಲ್ಲ.

"ಹನ್ನೊಂದು ವರ್ಷ ಗಾಜು ಹೊತ್ತೆ, ಒಂದು ಗೀರೂ ಬೀಳಲಿಲ್ಲ" ಎಂದಿದ್ದಳು ಅತ್ತಿಗೆ ಆಸ್ಪತ್ರೆಯಲ್ಲಿ. "ಹೋಗಿ ಹೋಗಿ ಹುಲ್ಲಿನ ಮೇಲೆ ಮುರ್ಕೊಂಡೆಯಲ್ಲೋ ಪುಣ್ಯಾತ್ಮ."

ಹನ್ನೊಂದು ವರ್ಷ. ಹದಿನಾಲ್ಕಕ್ಕೆ ಶಾಲೆಗೆ ಕೈ ಮುಗಿದು ಬಂದಾಗ ಅಣ್ಣ ಬೈಯಲಿಲ್ಲ, ಹೊಡೆಯಲಿಲ್ಲ, ಒಂದು ಜೊತೆ ಕೈಗವುಸು ಕೊಟ್ಟು ಹಿಂದಿನ ತುದಿಗೆ ನಿಲ್ಲಿಸಿದ. ಗಾಜು ಹೊರುವ ಕೆಲಸದಲ್ಲಿ ಮುಂದಿನವನು ದಾರಿ ನೋಡುತ್ತಾನೆ, ತಿರುಗಿ ನೋಡುವಂತಿಲ್ಲ. ಗಾಜಿನ ಮೂಲೆ ಎಲ್ಲಿ ತಗಲುತ್ತದೆ, ಎಲ್ಲಿ ಬಾಗುತ್ತದೆ, ಎಲ್ಲವನ್ನೂ ನೋಡಿ ಹೇಳುವವನು ಹಿಂದಿನವನು. ಹೇಳುವುದಾದರೂ ನಾಲ್ಕೇ ಮಾತು. ಗೋಡೆಯ ಕಡೆಗಾದರೆ ಒಳಗೆ, ಗೋಡೆಯಿಂದ ಆಚೆಗಾದರೆ ಹೊರಗೆ, ನಿಲ್ಲಬೇಕಾದರೆ ತಡಿ, ನಡೆಯಬೇಕಾದರೆ ಹೂಂ. ಆ ನಾಲ್ಕು ಮಾತಿನ ನಡುವೆ ಯಜಮಾನರೂ ಬಾಯಿ ಹಾಕುವಂತಿಲ್ಲ. ಗಾಜಿನ ಮೇಲೆ ಒಂದೇ ಬಾಯಿ. ಶಾಲೆಯಲ್ಲಿ ಮೇಷ್ಟರು ಯಾವತ್ತೂ ಬಾಯಿ ತೆರೆಯಲು ಬಿಡದ ಹುಡುಗ ಇಲ್ಲಿ ಎಂಟು ವರ್ಷ ದೊಡ್ಡವನಾದ ಅಣ್ಣನ ಕಾಲನ್ನು ಬಾಯಲ್ಲೇ ನಡೆಸುತ್ತಿದ್ದ.

ಈಗ ಪೇಟೆಯ ಚೌಕದಲ್ಲಿ ಆರು ಮಹಡಿಯ ಕಟ್ಟಡ ಎದ್ದಿತ್ತು. ಮುಂಭಾಗವೆಲ್ಲ ಗಾಜು, ಒಂದೊಂದೂ ಹನ್ನೆರಡು ಅಡಿ, ವರ್ಷದ ಕೆಲಸ. ಅಂಥ ಕಟ್ಟಡಕ್ಕೆ ಒಮ್ಮೆ ಹತ್ತಿದ ಜೋಡಿಯನ್ನು ಕೊನೆಯ ಗಾಜು ಕೂರುವವರೆಗೆ ಒಡೆಯುವುದಿಲ್ಲ. ಯಜಮಾನರು ಅಣ್ಣನ ಹತ್ತಿರ ಜೋಡಿಯ ಹೆಸರು ಕೇಳಿದ್ದರು. ಆಸ್ಪತ್ರೆಯ ಮಂಚದ ಪಕ್ಕ ನಿಂತು ಅಣ್ಣ ಹೇಳಿದ್ದ, "ನಿನ್ನ ತುದಿ ನಿಂದೇ ಕಣೋ. ನೀನು ಏಳೋ ತನಕ ನಾನು ಕಟ್ಟಡ ಹತ್ತಲ್ಲ. ಚಿಲ್ರೆ ಕೆಲಸ ಮಾಡ್ಕೊಂಡಿರ್ತೀನಿ." ಅರಿವಳಿಕೆಯ ಮಂಪರಿನಲ್ಲಿ ಕೇಳಿದ ಮಾತು. ಆದರೂ ನಾಲ್ಕು ವಾರದಿಂದ ಗೋಲಿ ಅದನ್ನೇ ಊರಿಕೊಂಡು ಮನೆಯೊಳಗೆ ಓಡಾಡುತ್ತಿದ್ದ.

"ಏಳೂವರೆಗೆ ಮೇಡಂ ಹೇಳಿದ ವ್ಯಾಯಾಮ ಮಾಡ್ದೆ" ಎಂದ ಅಣ್ಣನಿಗೆ. "ಮಂಡಿ ಚೆನ್ನಾಗಿ ಮಡಚ್ತಾ ಇದೆ."

"ಒಳ್ಳೇದು" ಎಂದ ಅಣ್ಣ, ಅವನ ಮುಖ ನೋಡದೆ. ಕುರ್ಚಿಯ ಮುಂದೆ ಬಂದು ಬೆನ್ನು ಹಾಕಿ ಕುಕ್ಕರಿಸಿದ. ಕೈ ಹಿಂದಕ್ಕೆ ಚಾಚಿ ಕುರ್ಚಿಯ ಮುಂಗಾಲು ಹಿಡಿದ. ಕೊಕ್ಕರೆ ಹಿಂದಿನಿಂದ ಬೆನ್ನೊರಗು ಹಿಡಿದ.

"ಹೂಂ" ಎಂದ ಗೋಲಿ.

"ಹೂಂ" ಎಂದ ಕೊಕ್ಕರೆ, ಅದೇ ಉಸಿರಿಗೆ.

ಕುರ್ಚಿ ಎದ್ದಿತು. ದರ್ಜಿಯ ಜೊತೆ ಈ ತೊಂದರೆ ಇರಲಿಲ್ಲ. ಅವನು ಮೂಕಬಸವ, ಹೊರುವುದಷ್ಟೇ ಅವನ ಕೆಲಸ. ಹಾಗಾಗಿ ನಾಲ್ಕು ವಾರವೂ ಕುರ್ಚಿಯಲ್ಲಿ ಕೂತೇ ಗೋಲಿ ಒಳಗೆ ಹೊರಗೆ ಎಂದು ಹೇಳಿಕೊಂಡು ಇಳಿದಿದ್ದ. ಅಣ್ಣನ ಕತ್ತು ಕಣ್ಣೆದುರಿಗೇ ಇರುತ್ತಿತ್ತು, ಹನ್ನೊಂದು ವರ್ಷ ಗಾಜಿನಾಚೆ ಕಂಡ ಅದೇ ಕತ್ತು. ಬುಧವಾರದ ಆ ಹತ್ತು ನಿಮಿಷ ಕೆಲಸಕ್ಕೆ ಹೋದಂತೆಯೇ ಅನ್ನಿಸುತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಹೇಳಿದರೆ ನಗುತ್ತಾರೆ.

ಮೊದಲ ಮಹಡಿಯ ತಿರುವಿನಲ್ಲಿ ಕರೆಂಟಿನ ಮೀಟರು ಪೆಟ್ಟಿಗೆಗಳ ಸಾಲು ಗೋಡೆಯಿಂದ ಒಂದು ಗೇಣು ಆಚೆ ಚಾಚಿಕೊಂಡಿತ್ತು. ಅಣ್ಣನ ಎಡ ಸೊಂಟದ ಪಕ್ಕದಲ್ಲಿ ಮುಂದಕ್ಕೆ ಹೊರಟಿದ್ದ ತನ್ನ ಪಾದ ನೇರ ಅದರ ಮೂಲೆಗೇ ಹೋಗುತ್ತಿರುವುದನ್ನು ಗೋಲಿ ಕಂಡ.

"ಹೊರಗೆ" ಎಂದ.

ಹಿಂದೆ ಕುರ್ಚಿಯ ಕಾಲು ಆಚೆ ಬದಿಯ ಕಬ್ಬಿಣದ ಕಂಬಿಗೆ ಸಿಕ್ಕಿಕೊಳ್ಳುತ್ತಿರುವುದನ್ನು ಕೊಕ್ಕರೆ ಕಂಡ.

"ಒಳಗೆ" ಎಂದ.

ಅಣ್ಣನ ಕಾಲು ಹೊರಗೆ ಹೋಯಿತು. ಹಿಂದಿನ ಕೈ ಒಳಗೆ ತಳ್ಳಿತು. ಕುರ್ಚಿ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿತು. ಅಣ್ಣನ ಎಡಗೈಯಿಂದ ಕುರ್ಚಿಯ ಕಾಲು ಜಾರಿತು. ಗೋಲಿಯ ಹಿಮ್ಮಡಿ ಪೆಟ್ಟಿಗೆಯ ಮೂಲೆಗೆ ಬಡಿಯಿತು. ಬ್ರೇಸು ಮಂಡಿಯನ್ನು ಮಡಚಲು ಬಿಡಲಿಲ್ಲ, ಆದರೆ ಒಳಗೆ ಏನೋ ಹೊರಳಿತು. ಕಣ್ಣ ಮುಂದೆ ಗೋಡೆ ಬೆಳ್ಳಗಾಯಿತು. ಕೂಗಲಿಲ್ಲ. ಕೂಗಲು ಉಸಿರಿರಲಿಲ್ಲ.

ಕೊಕ್ಕರೆ ಮಂಡಿಯೂರಿ ಕುರ್ಚಿಯನ್ನು ಎದೆಗೆ ಒತ್ತಿ ಹಿಡಿದಿದ್ದ. "ತಪ್ಪಾಯ್ತು ಅಣ್ಣ, ನಂದೇ ತಪ್ಪು" ಎನ್ನುತ್ತಲೇ ಇದ್ದ.

"ಅವನದಲ್ಲ" ಎಂದ ಅಣ್ಣ. ತಿರುಗಿ ನಿಂತಿದ್ದ. "ಯಾರೋ ನಿಂಗೆ ಬಾಯಿ ಹಾಕು ಅಂದಿದ್ದು?"

"ಪೆಟ್ಟಿಗೆಗೆ ಬಡೀತಿತ್ತು, ಅದಕ್ಕೇ..."

"ಬಡೀತಲ್ಲ ಈಗ. ಕೂತಿರೋನು ನೀನು. ಕೂತಿರು." ಆಮೇಲೆ ತಲೆ ಎತ್ತಿ ಕೊಕ್ಕರೆಗೆ ಹೇಳಿದ, "ನೀನು ಹೇಳೋ. ನೀನೊಬ್ಬನೇ ಹೇಳು."

ಉಳಿದ ಹದಿನಾರು ಮೆಟ್ಟಿಲನ್ನು ಕೊಕ್ಕರೆಯ ದನಿ ಇಳಿಸಿತು. ಗೋಲಿ ಹಲ್ಲು ಕಚ್ಚಿಕೊಂಡು ಕೂತ. ನೋವಿಗೆ ಕಚ್ಚಿದನೋ ನಾಲಿಗೆಯನ್ನು ಹಿಡಿದಿಡಲು ಕಚ್ಚಿದನೋ ಅವನಿಗೇ ತಿಳಿಯಲಿಲ್ಲ.

ಚಿಕಿತ್ಸೆಯ ಕೋಣೆಯಲ್ಲಿ ಮೇಡಂ ಬ್ರೇಸು ಬಿಚ್ಚಿದಳು. ಮಂಡಿ ಹಣ್ಣಾದ ಪರಂಗಿಯಂತೆ ಉಬ್ಬಿತ್ತು. ಪ್ಲಾಸ್ಟಿಕ್ ಅಳತೆಪಟ್ಟಿ ಇಟ್ಟು ಮೆಲ್ಲಗೆ ಮಡಚಲು ನೋಡಿದಳು. ಹೋದ ವಾರ ಎಪ್ಪತ್ತೆಂಟು ಡಿಗ್ರಿ ಬಂದಿತ್ತು. ಈ ಸಲ ನಲವತ್ತಕ್ಕೇ ಗೋಲಿ ಮಂಚದ ಅಂಚು ಹಿಡಿದುಕೊಂಡ.

"ಹೊಲಿಗೆ ಬಿಟ್ಟಿದೆಯಾ?" ಎಂದ.

"ಊತ ಇಳಿಯೋ ತನಕ ಯಾರೂ ಹೇಳಕ್ಕಾಗಲ್ಲ. ಡಾಕ್ಟರಿಗೆ ತೋರಿಸೋಣ, ಸ್ಕ್ಯಾನ್ ಮಾಡೋಣ."

"ಯಾವಾಗ ಭಾರ ಹೊರಬಹುದು ಮೇಡಂ?"

"ಎಂಥಾ ಭಾರ?"

"ಗಾಜು. ಇಬ್ಬರು ಹೊರೋದು. ನನ್ನ ಪಾಲಿಗೆ ಅರವತ್ತು ಕೆಜಿ ಬರುತ್ತೆ. ಮೆಟ್ಟಿಲೂ ಹತ್ತಬೇಕು."

ಅವಳು ಅಳತೆಪಟ್ಟಿಯನ್ನು ಒರೆಸಿ ಜೇಬಿಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. "ಮೊದಲು ನಿಮ್ಮ ಭಾರ ಹೊರೋದು ಕಲಿಯೋಣ" ಎಂದಳು, ಮಕ್ಕಳಿಗೆ ಹೇಳುವ ದನಿಯಲ್ಲಿ.

ಹೊರಗಿನ ಬೆಂಚಿನಲ್ಲಿ ಕೊಕ್ಕರೆ ಕಾಲು ಎಲ್ಲಿಡುವುದೆಂದು ತಿಳಿಯದೆ ಮಡಚಿಕೊಂಡು ಕೂತಿದ್ದ. ಅಣ್ಣ ಗಾಡಿ ತರಲು ಹೋಗಿದ್ದ. ಗೋಲಿಯನ್ನು ಪಕ್ಕದಲ್ಲಿ ಕೂರಿಸಿದ ಮೇಲೆ ಕೊಕ್ಕರೆ ಮಾತು ತೆಗೆದ.

"ಮುಂದಿನ ಬುಧವಾರಕ್ಕೆ ನನ್ನ ಭಾವನಿಗೆ ಹೇಳಿದೀನಿ ಗೋಲಿ ಅಣ್ಣ. ಅವನು ಬಂದು ಒಂದು ಕಡೆ ಹಿಡೀತಾನೆ. ದರ್ಜಿ ಎದ್ದರೆ ಅವರು ಇನ್ನೊಂದು ಕಡೆ. ನೀವು ಯೋಚನೆ ಮಾಡ್ಬೇಡಿ."

"ಯಾಕೆ? ಅಣ್ಣ ಎಲ್ಲಿ ಹೋಗ್ತಾನೆ?"

"ಸೋಮವಾರದಿಂದ ಚೌಕದ ಕಟ್ಟಡ ಅಲ್ವಾ. ಅಲ್ಲಿ ಮಧ್ಯೆ ಬಿಡಲ್ಲ ಅಂತಾರಲ್ಲ..." ಅಷ್ಟು ಹೇಳಿ ಕೊಕ್ಕರೆ ಗೋಲಿಯ ಮುಖ ನೋಡಿದ. ಅವನ ಉದ್ದ ಕತ್ತು ಭುಜದೊಳಗೆ ಇಳಿಯಿತು. "ನಿಮಗೆ ಗೊತ್ತು ಅಂದ್ಕೊಂಡಿದ್ದೆ."

"ಗೊತ್ತು" ಎಂದ ಗೋಲಿ.

ಮನೆಯ ಮೆಟ್ಟಿಲು ಹತ್ತುವಾಗ ಕುರ್ಚಿ ತಿರುಗುತ್ತದೆ. ಬೆನ್ನೊರಗು ಮೇಲೆ, ಕಾಲು ಕೆಳಗೆ. ಕೊಕ್ಕರೆ ಹಿಮ್ಮುಖವಾಗಿ ಹತ್ತಿದ, ಅಣ್ಣ ಕೆಳಗಿನಿಂದ ಎತ್ತಿಕೊಂಡು ಬಂದ. ಅಣ್ಣ ತಮ್ಮ ಇಬ್ಬರ ಮುಖವೂ ಎದುರುಬದುರು, ನಡುವೆ ಒಂದು ಮೊಳ ಜಾಗ. ತಪ್ಪಿಸಿಕೊಳ್ಳಲು ಅಣ್ಣನಿಗೆ ದಾರಿ ಇರಲಿಲ್ಲ. ಆದರೂ ಅವನು ಗೋಲಿಯ ಅಂಗಿಯ ಗುಂಡಿಯನ್ನು ನೋಡುತ್ತ ಹತ್ತಿದ.

ಎರಡನೇ ಮಹಡಿಯಲ್ಲಿ ದಣಿವಾರಿಸಲು ಇಳಿಸಿದರು.

"ಹೆಸರು ಕೊಟ್ಟಾಯ್ತಾ?" ಎಂದ ಗೋಲಿ.

ಕೊಕ್ಕರೆ ಮೇಲಿನ ಮೆಟ್ಟಿಲಲ್ಲಿ ನಿಂತು ಕಿಟಕಿಯಾಚೆ ಏನನ್ನೋ ಬಹಳ ಶ್ರದ್ಧೆಯಿಂದ ನೋಡತೊಡಗಿದ.

"ಕೊಟ್ಟೆ."

"ಯಾವತ್ತು?"

"ಹೋದ ಶುಕ್ರವಾರ."

"ಐದು ದಿನ ಒಂದೇ ತಟ್ಟೆ ಮುಂದೆ ಕೂತು ಉಂಡ್ವಲ್ಲೋ. ಹೇಳೋಕೆ ಬಾಯಿರಲಿಲ್ವಾ?"

"ಹೇಗೆ ಹೇಳ್ಲಿ? ನೀನು ದಿನಾ ಬೆಳಿಗ್ಗೆ ಅಲ್ಲಿ ಗೋಡೆ ಹಿಡ್ಕೊಂಡು ಡಿಗ್ರಿ ಎಣಿಸ್ತಿದ್ದೆ."

"ನನ್ನ ತುದಿ ನಂದೇ ಅಂದಿದ್ದೆ."

"ಅಂದಿದ್ದೆ" ಎಂದ ಅಣ್ಣ. ಗೋಡೆಗೆ ಒರಗಿ ಅಂಗೈ ನೋಡಿಕೊಂಡ. ಕುರ್ಚಿಯ ಕಾಲು ಜಾರಿದ ಕಡೆ ಚರ್ಮ ಕಿತ್ತಿತ್ತು. "ಅವನು ಒಳಗೆ ಅಂದದ್ದು ಕೇಳಿಸ್ತು ಕಣೋ. ಚೆನ್ನಾಗೇ ಕೇಳಿಸ್ತು. ಆದ್ರೂ ಕಾಲು ನಿನ್ನ ಮಾತಿಗೇ ಹೋಯ್ತು. ಆ ಕಟ್ಟಡದಲ್ಲಿ ಇವನು ಒಂದು ಹೇಳಿ, ನನ್ನ ಕಾಲು ಇನ್ನೇನೋ ಕೇಳಿಸ್ಕೊಂಡ್ರೆ? ಹನ್ನೆರಡಡಿ ಗಾಜು ಅದು. ನನ್ನ ಕತ್ತು ಇರುತ್ತಾ?"

ಗೋಲಿಗೆ ಹೇಳಲು ನೂರು ಮಾತಿತ್ತು. ಕಾದು ನೋಡಬಹುದಿತ್ತು ಎನ್ನಬಹುದು. ಯಜಮಾನರ ಕಾಲು ಹಿಡಿಯಬಹುದಿತ್ತು ಎನ್ನಬಹುದು. ಕುರ್ಚಿಯಿಂದ ಎದ್ದು ಇವನ ಕಪಾಳಕ್ಕೆ ಒಂದು ಬಾರಿಸಿ, ಕೆಳಗಿಳಿದು, ಬೀದಿಗೆ ಹೋಗಿ, ಕಾಲು ಎಲ್ಲಿಯವರೆಗೆ ನಡೆಸುತ್ತದೋ ಅಲ್ಲಿಯವರೆಗೆ ಹೋಗಬಹುದು. ಆದರೆ ಎದ್ದು ನಿಲ್ಲುವುದಕ್ಕೂ ಇವನ ಭುಜವೇ ಬೇಕು. ಬೈದು ಮುಗಿಸಿದ ಮೇಲೂ ಉಳಿದ ಮೆಟ್ಟಿಲನ್ನು ಇವನೇ ಹೊರಬೇಕು.

"ಅವನಿಗೆ ಕಿವಿಗೊಡು ಹಾಗಾದ್ರೆ" ಎಂದ. ದನಿ ತನ್ನದಲ್ಲವೆನ್ನಿಸಿತು.

ಅಣ್ಣ ಬಗ್ಗಿ ಕುರ್ಚಿ ಹಿಡಿದ. ಮೇಲಿನಿಂದ ಅತ್ತಿಗೆ ಬಾಗಿಲು ತೆರೆದ ಸದ್ದಾಯಿತು. "ಎಷ್ಟು ಹೊತ್ತು ಮಾಡಿದ್ರೋ? ಏನಂದ್ರು ಮೇಡಂ?" ಎಂದು ಕೇಳಿದಳು.

"ಹೂಂ" ಎಂದ ಕೊಕ್ಕರೆ.

ಕುರ್ಚಿ ಎದ್ದಿತು. "ಒಳಗೆ" ಎಂದ ಕೊಕ್ಕರೆ. ಅಣ್ಣನ ಕಾಲು ಒಳಗೆ ಹೋಯಿತು. "ಇನ್ನೊಂಚೂರು. ಹೂಂ." ಕಾಲು ಬಂತು. ತಿರುವಿನಲ್ಲಿ "ತಡಿ" ಎಂದ. ಎಲ್ಲರೂ ನಿಂತರು. ಹಿಂದಿನ ಕಡೆ ಏನನ್ನೋ ಅವನು ನೋಡಿಕೊಳ್ಳುತ್ತಿದ್ದ.

ಅಣ್ಣನ ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ಹನಿಗಟ್ಟಿತ್ತು. ಒರೆಸಿಕೊಳ್ಳಲು ಅವನಿಗೆ ಕೈ ಇರಲಿಲ್ಲ. ಗೋಲಿಯ ಎರಡು ಕೈಯೂ ತೊಡೆಯ ಮೇಲೆ ಖಾಲಿಯಾಗಿ ಬಿದ್ದಿದ್ದವು. ಎತ್ತಿದರೆ ಕುರ್ಚಿ ವಾಲುತ್ತದೆ. ಹನಿ ದಪ್ಪವಾಗುತ್ತ ಹೋಯಿತು, ನಡುಗಿತು, ಅಲ್ಲೇ ನಿಂತಿತು. ಅಣ್ಣ ಕಣ್ಣು ಮುಚ್ಚಿಕೊಂಡು, ತಲೆಯನ್ನು ಒಂದಿಷ್ಟು ಮೇಲಕ್ಕೆ ವಾಲಿಸಿ, ಕೊಕ್ಕರೆಯ ಮುಂದಿನ ಮಾತಿಗಾಗಿ ಕಾಯುತ್ತಿದ್ದ.